ಎತ್ತಿಗೆ ಜ್ವರ, ಎಮ್ಮೆಗೆ ಬರೆ

2025ರ ಡಿಸೆಂಬರ್‌ನಲ್ಲಿ ಚೆನ್ನೈ ಮಹಾನಗರ ಪಾಲಿಕೆ ಪಿಟ್‌ಬುಲ್ ಮತ್ತು ರಾಟ್‌ವೀಲರ್ ನಾಯಿಗಳಿಗೆ ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿತು. ಈಗಾಗಲೇ ಪರವಾನಗಿ ಇರುವ ನಾಯಿಗಳನ್ನು ಇಟ್ಟುಕೊಳ್ಳಬಹುದು, ಆದರೆ ಹೊರಗೆ ಕರೆತಂದರೆ ಲೀಷ್ ಮತ್ತು ಮಜಲ್ ಕಡ್ಡಾಯ. ಮಜಲ್ ಎಂದರೆ ನಮ್ಮೂರ ಕಡೆ ಕಣದಲ್ಲಿ ಎತ್ತಿನ ಬಾಯಿಗೆ ಕಟ್ಟುತ್ತಿದ್ದ ಕುಕ್ಕೆಯಂಥದ್ದೇ. ನಾನು 14 ವರ್ಷದಿಂದ ಈ ಊರಿನಲ್ಲಿದ್ದೇನೆ, ಐಟಿ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಮನೆಯಲ್ಲಿ 7 ವರ್ಷದ ರಾಟ್‌ವೀಲರ್ ಇದ್ದಾನೆ. ಹೆಸರು ಬೋರ, ತೂಕ 45 ಕೆಜಿ. ಅವನಿಗೆ ಪರವಾನಗಿ ಇದೆ, ಚಿಪ್ ಇದೆ, ಕುಕ್ಕೆಯೂ ಇದೆ. ಅಂದರೆ ಈ ನಿಯಮದಿಂದ ಇವತ್ತಿಗೆ ನನಗೇನೂ ತೊಂದರೆಯಿಲ್ಲ. ಆದರೂ ಈ ನಿಯಮ ತಪ್ಪು ಎಂದು ಹೇಳಲು ಕೂತಿದ್ದೇನೆ. ಇದನ್ನು ವಿರೋಧಿಸುತ್ತಿರುವ ನಮ್ಮ ನಾಯಿಪ್ರಿಯರು ಹೂಡುವ ವಾದವೂ ಅಷ್ಟೇ ತಪ್ಪು ಎಂದು ಅದರ ಜೊತೆಗೇ ಹೇಳಬೇಕಾಗಿದೆ.

ಮೊದಲು ಸಿಟ್ಟಿನ ಮೂಲ ನೋಡೋಣ. 2024ರ ಮೇ ತಿಂಗಳಲ್ಲಿ ನುಂಗಂಬಾಕ್ಕಂನ ಪಾಲಿಕೆ ಪಾರ್ಕಿನಲ್ಲಿ ಎರಡು ರಾಟ್‌ವೀಲರ್‌ಗಳು 5 ವರ್ಷದ ಮಗುವಿನ ಮೇಲೆ ಬಿದ್ದವು. ಆ ಮಗು ಅದೇ ಪಾರ್ಕಿನ ವಾಚ್‌ಮನ್‌ನ ಮಗಳು. ನಾಯಿಗಳಿಗೆ ಲೀಷ್ ಇರಲಿಲ್ಲ, ಕುಕ್ಕೆ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಜಾಫರ್‌ಖಾನ್‌ಪೇಟೆಯಲ್ಲಿ ಪಕ್ಕದ ಮನೆಯವರ ಪಿಟ್‌ಬುಲ್ ಕಚ್ಚಿ ಒಬ್ಬರು ಸತ್ತೇ ಹೋದರು. ಇಂಥದ್ದು ನಡೆದ ಮೇಲೆ ಊರಿನ ಜನ ಸಿಟ್ಟಾಗದಿದ್ದರೆ ಅದು ಊರೇ ಅಲ್ಲ.

ಆ ಸಿಟ್ಟಿಗೆ ನಾಯಿ ಸಾಕಿದವರು ಕೊಡುವ ಉತ್ತರ ಏನು? "ನಮ್ಮ ನಾಯಿ ಮಗುವಿನ ಥರ, ಯಾರಿಗೂ ಏನೂ ಮಾಡಲ್ಲ." "ತಪ್ಪು ನಾಯಿಯದ್ದಲ್ಲ, ಬೆಳೆಸಿದ ರೀತಿಯದ್ದು." ಎರಡನೆಯ ಮಾತಿನಲ್ಲಿ ಸತ್ಯ ಇದೆ, ಆದರೆ ಪೂರ್ತಿ ಸತ್ಯ ಇಲ್ಲ. ಪೊಮೆರೇನಿಯನ್ ಕಚ್ಚಿದರೆ ಇಂಜೆಕ್ಷನ್, ರಾಟ್‌ವೀಲರ್ ಕಚ್ಚಿದರೆ ಆಪರೇಷನ್. 45 ಕೆಜಿ ನಾಯಿಯ ದವಡೆಗೆ ಇರುವ ಬಲ ನಮ್ಮ ಪ್ರೀತಿಯಿಂದ ಕಡಿಮೆಯಾಗುವುದಿಲ್ಲ. ಇದನ್ನು ಒಪ್ಪದೆ ಮಾತು ಶುರು ಮಾಡಿದರೆ ಎದುರಿಗಿರುವವರು ನಮ್ಮ ಉಳಿದ ಮಾತನ್ನೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ.

ಹಾಗಾದರೆ ತಳಿಯ ಹೆಸರು ಹಿಡಿದು ನಿಷೇಧಿಸಿದರೆ ತಪ್ಪೇನು? ತಪ್ಪು ಇಷ್ಟೇ: ಅದರಿಂದ ಕೆಲಸ ಆಗುವುದಿಲ್ಲ, ಆಗಬೇಕಾದ ಕೆಲಸವೂ ನಿಂತುಹೋಗುತ್ತದೆ.

ಪಟ್ಟಿ ಮಾಡುವವರ ಕೈಗೆ ಪೆನ್ನು ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಕಳಿಸಿದ ಸುತ್ತೋಲೆಯನ್ನೇ ಓದಿ. 'ಮನುಷ್ಯರ ಜೀವಕ್ಕೆ ಅಪಾಯಕಾರಿ' ಎಂದು 23 ತಳಿಗಳ ಹೆಸರು ಕೊಟ್ಟು ಅವುಗಳ ಆಮದು, ಸಂತಾನಾಭಿವೃದ್ಧಿ, ಮಾರಾಟ ಬೇಡ, ಈಗ ಇರುವವಕ್ಕೆ ಸಂತಾನಶಕ್ತಿ ಹರಣ ಮಾಡಿಸಿ ಎಂದು ಅದರಲ್ಲಿತ್ತು. ಆ ಪಟ್ಟಿಯಲ್ಲಿ ಟೋಸಾ ಎಂಬ ಜಪಾನಿನ ನಾಯಿ ಎರಡು ಬೇರೆ ಹೆಸರಿನಲ್ಲಿ ಎರಡು ಸಲ ಬಂದಿದೆ. ಬೋರ್‌ಬೋಲ್ ಒಮ್ಮೆ ತಪ್ಪು ಕಾಗುಣಿತದಲ್ಲಿ, ಇನ್ನೊಮ್ಮೆ ಮಾಸ್ಟಿಫ್‌ಗಳ ಜೊತೆ ಬಂದಿದೆ. ನಡುವೆ ಒಂದು ಕಡೆ ಬರೀ 'ಟೆರಿಯರ್‌ಗಳು' ಎಂದಿದೆ. ಟೆರಿಯರ್ ಎಂದರೆ ಒಂದು ತಳಿಯಲ್ಲ, ದೊಡ್ಡ ವಂಶ. ಹ್ಯಾಂಡ್‌ಬ್ಯಾಗಿನಲ್ಲಿ ಹಿಡಿಸುವ ಯಾರ್ಕ್‌ಷೈರ್ ಟೆರಿಯರ್ ಕೂಡ ಅದರೊಳಗೇ ಬರುತ್ತದೆ. ನನ್ನ ತಂಡದಲ್ಲಿ ಹೊಸದಾಗಿ ಸೇರಿದ ಹುಡುಗ ಇಂಥ ಶೀಟ್ ಕಳಿಸಿದ್ದರೆ, ಡೂಪ್ಲಿಕೇಟ್ ತೆಗೆದು ಸರಿ ಮಾಡಿಕೊಂಡು ಬಾ ಎಂದು ವಾಪಸ್ ಕಳಿಸುತ್ತಿದ್ದೆ. ಇದು ದೇಶಕ್ಕೆಲ್ಲ ಹೋದ ಕಾಗದ.

ಕರ್ನಾಟಕ ಹೈಕೋರ್ಟ್ 2024ರ ಏಪ್ರಿಲ್ 10ರಂದು ಈ ಸುತ್ತೋಲೆಯನ್ನು ರದ್ದು ಮಾಡಿತು. ಅವತ್ತು ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹಬ್ಬವೋ ಹಬ್ಬ. ತೀರ್ಪಿನಲ್ಲಿ ಇದ್ದದ್ದೇನು? ಸಂಬಂಧಪಟ್ಟವರ ಮಾತು ಕೇಳದೆ, ಸರಿಯಾದ ತಜ್ಞರನ್ನು ಕೂರಿಸದೆ ಮಾಡಿದ ಕಾಗದ ನಿಲ್ಲುವುದಿಲ್ಲ ಎಂದಿತು ಕೋರ್ಟು. ಎಲ್ಲರನ್ನೂ ಕೇಳಿ ಕಾನೂನು ಪ್ರಕಾರ ಮತ್ತೆ ಮಾಡಲು ಸರ್ಕಾರಕ್ಕೆ ದಾರಿ ತೆರೆದೇ ಇಟ್ಟಿತು. ನಾಯಿಗಳು ನಿರಪರಾಧಿ ಎಂದು ಅದು ಎಲ್ಲಿಯೂ ಸರ್ಟಿಫಿಕೇಟ್ ಕೊಡಲಿಲ್ಲ. ನಾವು ಗೆದ್ದದ್ದು ವಿಧಾನದ ಮೇಲೆ. ವಿಷಯದ ಮೇಲೆ ಇನ್ನೂ ಆಟವೇ ಶುರುವಾಗಿಲ್ಲ.

ಇದನ್ನು ಆಡಿ ಮುಗಿಸಿದ ದೇಶಗಳಿವೆ. ಬ್ರಿಟನ್ 1991ರಲ್ಲಿ ಕಾನೂನು ಮಾಡಿ ಪಿಟ್‌ಬುಲ್ ಸೇರಿ ನಾಲ್ಕು ತಳಿಗಳನ್ನು ನಿಷೇಧಿಸಿತು. ಮೂರು ದಶಕ ಕಳೆಯುವಷ್ಟರಲ್ಲಿ ಪಟ್ಟಿಯಲ್ಲಿಲ್ಲದ ಎಕ್ಸ್‌ಎಲ್ ಬುಲ್ಲಿ ಎಂಬ ಇನ್ನೂ ದಪ್ಪನೆಯ ನಾಯಿ ಬೀದಿಗೆ ಬಂತು, ಜನ ಸತ್ತರು. 2023ರ ಕೊನೆಯಲ್ಲಿ ಅದನ್ನೂ ಪಟ್ಟಿಗೆ ಸೇರಿಸಿದರು. ನಾಳೆ ಇನ್ನೊಂದು ಬರುತ್ತದೆ. ಭಯ ಹುಟ್ಟಿಸುವ ನಾಯಿ ಬೇಕು ಎನ್ನುವ ಮನುಷ್ಯ ಇರುವ ತನಕ ಅದನ್ನು ಹುಟ್ಟಿಸಿ ಮಾರುವವನೂ ಇರುತ್ತಾನೆ, ಪಟ್ಟಿ ಅವನ ಹಿಂದೆ ಏದುಸಿರು ಬಿಡುತ್ತಾ ಓಡುತ್ತಿರುತ್ತದೆ. ನೆದರ್‌ಲ್ಯಾಂಡ್ಸ್ 1993ರಲ್ಲಿ ಪಿಟ್‌ಬುಲ್ ನಿಷೇಧಿಸಿತ್ತು. ಕಚ್ಚುವುದು ಕಡಿಮೆಯಾಗಲಿಲ್ಲ ಎಂದು 2008ರಲ್ಲಿ ಕೈಬಿಟ್ಟಿತು. ಕೆನಡಾದ ಕ್ಯಾಲ್ಗರಿ ನಗರ 2006ರಲ್ಲಿ ಬೇರೆ ದಾರಿ ಹಿಡಿಯಿತು. ತಳಿಯ ಗೊಡವೆಗೆ ಹೋಗದೆ ಪರವಾನಗಿ, ದಂಡ, ಮಾಲೀಕನ ಹೊಣೆ ಇವುಗಳ ಮೇಲೆ ತನ್ನ ನಿಯಮ ಕಟ್ಟಿತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಪಿಟ್‌ಬುಲ್ ಎಂದು ಮಾರುವ ಮರಿಗಳಲ್ಲಿ ಎಷ್ಟಕ್ಕೆ ವಂಶದ ಕಾಗದ ಇದೆ? ಬೆರಕೆ ಮರಿ ಯಾವ ತಳಿ ಎಂದು ತೀರ್ಮಾನಿಸುವವರು ಯಾರು? ವಾರ್ಡಿನ ಸ್ಯಾನಿಟರಿ ಇನ್‌ಸ್ಪೆಕ್ಟರ್ ಮುಖ ನೋಡಿ ಹೇಳಬೇಕು. ಮಾಲೀಕ "ಸಾರ್, ಇದು ಲ್ಯಾಬ್ ಮಿಕ್ಸ್" ಅನ್ನುತ್ತಾನೆ. ಕೈಬಿಸಿಯಾದರೆ ಅದು ಲ್ಯಾಬ್ ಮಿಕ್ಸೇ ಆಗುತ್ತದೆ. ನಿಷೇಧ ಬಂದ ದಿನ ಪ್ರಾಮಾಣಿಕನ ನಾಯಿ ರಿಜಿಸ್ಟರಿನಲ್ಲಿ ಇರುತ್ತದೆ, ಅಪ್ರಾಮಾಣಿಕನದ್ದು ತಾರಸಿಯ ಮೇಲೆ ಅಡಗುತ್ತದೆ. ಅಡಗಿದ ನಾಯಿಗೆ ಲಸಿಕೆ ಇಲ್ಲ, ವಾಕಿಂಗ್ ಇಲ್ಲ, ಜನರ ರೂಢಿ ಇಲ್ಲ. ಒಂದು ದಿನ ಗೇಟು ತೆರೆದಿರುತ್ತದೆ. ಆ ದಿನದ ಅಪಾಯವನ್ನು ನಿಯಮವೇ ಸಾಕಿ ಬೆಳೆಸಿರುತ್ತದೆ.

ಈಗ ನಮ್ಮಂಥವರ ಪಾಡು. ಊರು ಬಿಟ್ಟು ಊರಿಗೆ ಬಂದವರು ನಾವು, ಯಾವ ಕ್ವಾರ್ಟರಿನಲ್ಲಿ ಯಾವ ಊರಿಗೆ ಟ್ರಾನ್ಸ್‌ಫರ್ ಎಂಬುದು ನಮ್ಮ ಕೈಯಲ್ಲಿಲ್ಲ. ಬೆಂಗಳೂರಿನಲ್ಲಿ ಕಾನೂನು ಪ್ರಕಾರ ಸಾಕಿದ ರಾಟ್‌ವೀಲರ್, ಹೊಸೂರು ದಾಟಿ ಚೆನ್ನೈ ಸೇರುವಷ್ಟರಲ್ಲಿ ಪರವಾನಗಿ ಸಿಗದ ನಾಯಿಯಾಗುತ್ತದೆ. ಗಾಜಿಯಾಬಾದ್ 2022ರಲ್ಲೇ ಪಿಟ್‌ಬುಲ್, ರಾಟ್‌ವೀಲರ್, ಡೋಗೋ ಅರ್ಜೆಂಟಿನೋ ಮೂರಕ್ಕೂ ಬಾಗಿಲು ಹಾಕಲು ಹೊರಟಿತು. ಅಂದರೆ ದೆಹಲಿಯ ಗೆಳೆಯರು ಮನೆ ಬದಲಿಸುವಾಗ ನಾಯಿಯ ತಳಿಗೆ ಒಪ್ಪುವ ಪಾಲಿಕೆ ಯಾವುದು ಎಂದು ಮೊದಲು ನೋಡಬೇಕು. ಊರಿಗೊಂದು ಪಟ್ಟಿ ಬಂದರೆ ಟ್ರಾನ್ಸ್‌ಫರ್ ಆರ್ಡರ್ ಬಂದ ದಿನ ಆ ನಾಯಿ ಎಲ್ಲಿಗೆ ಹೋಗಬೇಕು? ಹಳ್ಳಿಯ ತೋಟಕ್ಕೆ, ಅಜ್ಜಿಯ ಮನೆಗೆ, ಇಲ್ಲವೇ ಹೆದ್ದಾರಿಯ ಪಕ್ಕಕ್ಕೆ. ಮೂರನೆಯದು ನಡೆಯುವುದಿಲ್ಲ ಎಂದು ಎದೆ ಮುಟ್ಟಿ ಹೇಳುವವರು ಯಾರಾದರೂ ಇದ್ದಾರೆಯೇ?

ಹೆಸರು ನೋಡಿ ತೀರ್ಮಾನಿಸುವುದು ನಮಗೆ ಹೊಸದೂ ಅಲ್ಲ. ಬ್ಯಾಚುಲರ್‌ಗೆ ಮನೆ ಇಲ್ಲ, ಮಾಂಸ ತಿನ್ನುವವರಿಗೆ ಮನೆ ಇಲ್ಲ, ಬೇರೆ ಭಾಷೆಯವರಿಗೆ ಇಲ್ಲ ಎಂಬ ಬೋರ್ಡುಗಳ ಕೆಳಗೇ ನಾವು ಮನೆ ಹುಡುಕಿದ್ದು. ಮನುಷ್ಯರನ್ನು ನಾಯಿಗೆ ಹೋಲಿಸುತ್ತಿಲ್ಲ. ಅಳೆಯುವ ಕೋಲಿನ ಮಾತು ಇದು. ಎದುರಿಗಿರುವವನು ಏನು ಮಾಡಿದ್ದಾನೆ ಎಂದು ವಿಚಾರಿಸುವ ಶ್ರಮ ತಪ್ಪಿಸಿಕೊಳ್ಳಲು ಅವನ ಗುಂಪಿನ ಹೆಸರು ಸಾಕು ಎನ್ನುವ ಸೋಮಾರಿ ಕೋಲು ಅದು. ಪಾಲಿಕೆಗಳು ಹಿಡಿದಿರುವುದೂ ಅದನ್ನೇ.

ಯಾಕೆಂದರೆ ನಿಜವಾದ ಕೆಲಸ ಬಹಳ ಇದೆ. 2017ರಿಂದಲೇ ನಾಯಿ ಸಂತಾನಾಭಿವೃದ್ಧಿ ಮತ್ತು ಮಾರಾಟದ ನಿಯಮಗಳಿವೆ. ಮರಿ ಮಾಡಿಸಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು, 8 ವಾರ ತುಂಬದ ಮರಿಯನ್ನು ಮಾರಬಾರದು. ಇನ್‌ಸ್ಟಾಗ್ರಾಂನಲ್ಲಿ ಕಣ್ಣು ಬಿಡದ ಮರಿಗೆ ಅಡ್ವಾನ್ಸ್ ತೆಗೆದುಕೊಳ್ಳುವವರನ್ನು ಹಿಡಿಯಲು ಹೊಸ ಕಾನೂನು ಬೇಕಿಲ್ಲ, ಒಬ್ಬ ಅಧಿಕಾರಿ ಮತ್ತು ಒಂದು ಜೀಪು ಸಾಕು. ಅದು ಬಿಟ್ಟು ಎರಡು ತಳಿಯ ಹೆಸರು ಪ್ರಕಟಿಸಿದರೆ ಮರುದಿನ ಪೇಪರಿನಲ್ಲಿ 'ಕಠಿಣ ಕ್ರಮ' ಎಂದು ಬರುತ್ತದೆ. ಮರಿ ಮಾರುವವನು ಮುಂದಿನ ತಳಿಗೆ ಹೋಗುತ್ತಾನೆ. ಜ್ವರ ಎತ್ತಿಗೆ, ಬರೆ ಎಮ್ಮೆಗೆ.

ಇನ್ನು ನಮ್ಮ ಕಡೆಯವರಿಗೆ ಎರಡು ಮಾತು. 2018ರಲ್ಲಿ ಬೆಂಗಳೂರಿನಲ್ಲಿ ಫ್ಲ್ಯಾಟಿಗೆ ಒಂದೇ ನಾಯಿ, ಬಿಡಿ ಮನೆಗೆ ಮೂರೇ ಎಂಬ ಬೈಲಾ ಬಂದಾಗ ನಾವು ಗದ್ದಲ ಎಬ್ಬಿಸಿದೆವು, ಅದು ತಣ್ಣಗಾಯಿತು. ಆಮೇಲೆ ಏನು ಮಾಡಿದೆವು? ಮನೆಗೆ ಹೋದೆವು. ನಮ್ಮದೇ ಒಂದು ಕರಡು ಬರೆದು ಇದು ಮಾಡಿ ಎಂದು ಕೊಡಲಿಲ್ಲ. ಬೇಡ ಎನ್ನುವುದರಲ್ಲಿ ಮಾತ್ರ ಒಂದಾಗುವ ಗುಂಪನ್ನು ಯಾವ ಸರ್ಕಾರವೂ ಎರಡನೇ ಸಲ ಕೇಳುವುದಿಲ್ಲ.

ಕೊಡಬೇಕಾದ ಕರಡು ಕಷ್ಟದ್ದೇನಲ್ಲ. ತಳಿ ಯಾವುದೇ ಇರಲಿ, ಇಂತಿಷ್ಟು ಕೆಜಿಗಿಂತ ಹೆಚ್ಚು ತೂಗುವ ನಾಯಿಗೆ ಲಿಫ್ಟು, ಪಾರ್ಕು, ರಸ್ತೆಯಲ್ಲಿ ಲೀಷ್ ಮತ್ತು ಕುಕ್ಕೆ. ತಕ್ಕಡಿ ಸುಳ್ಳು ಹೇಳುವುದಿಲ್ಲ, ಅದಕ್ಕೆ ವಂಶದ ಕಾಗದವೂ ಬೇಡ. ಹಿಡಿದಿರುವವರು ಅದನ್ನು ತಡೆಯಬಲ್ಲ ವಯಸ್ಕರಾಗಿರಬೇಕು. ಚಿಪ್ ನಂಬರಿನ ಜೊತೆ ಮಾಲೀಕನ ದಾಖಲೆ ಇರಬೇಕು, ಊರು ಬದಲಾದರೂ ಅದು ಅವನ ಹಿಂದೆ ಬರಬೇಕು. ಇಲ್ಲಿ ಕಚ್ಚಿಸಿ ಪುಣೆಗೆ ಹೋಗಿ ಇನ್ನೊಂದು ಮರಿ ತರುವಂತಿರಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ವಿಮೆ. ಎರಡು ಚಕ್ರದ ಸ್ಕೂಟರಿಗೂ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ದೊಡ್ಡ ನಾಯಿಗೂ ಅದೇ ಕಡ್ಡಾಯವಾಗಲಿ. ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ಮಾಡಿದರೆ ಹೆಚ್ಚೆಂದರೆ 6 ತಿಂಗಳ ಸಜೆ, ಇಲ್ಲವೇ 5000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಬೋರನಿಗೆ ತಿಂಗಳಿಗೆ ಹಾಕುವ ಊಟದ ಖರ್ಚು ಆ ದಂಡಕ್ಕಿಂತ ಹೆಚ್ಚು. ಅದನ್ನು ಏರಿಸಿ ಎಂದು ಕೇಳಬೇಕಾದವರು ನಾವೇ.

ಯಾಕೆ ನಾವೇ? ಕಚ್ಚಿಸಿಕೊಳ್ಳುವವರು ಯಾರೆಂದು ನೋಡಿ. ಪಾರ್ಕಿನ ವಾಚ್‌ಮನ್‌ನ ಮಗಳು, ಪಾರ್ಸೆಲ್ ತರುವ ಹುಡುಗ, ಬೆಳಿಗ್ಗೆ ಆರಕ್ಕೆ ಬೆಲ್ ಒತ್ತುವ ಮನೆಗೆಲಸದಾಕೆ, 300 ರೂಪಾಯಿ ಹೆಚ್ಚಿಗೆ ಸಿಗುತ್ತದೆಂದು ನಮ್ಮ ನಾಯಿಯನ್ನು ವಾಕಿಂಗ್ ಕರೆದೊಯ್ಯುವ ಸೆಕ್ಯುರಿಟಿಯವನು. ಅವರಿಗೆ ಅಪಾರ್ಟ್‌ಮೆಂಟ್ ಸಭೆಯಲ್ಲಿ ಓಟಿಲ್ಲ, ಹೈಕೋರ್ಟಿಗೆ ಹೋಗಲು ವಕೀಲರಿಲ್ಲ, ಹೆದರಿಕೆಯಾಗುತ್ತದೆ ಎಂದು ಬಾಯಿಬಿಟ್ಟರೆ ಕೆಲಸ ಉಳಿಯುವ ಖಾತ್ರಿಯೂ ಇಲ್ಲ. ನಾಯಿ ಸಾಕುವ ಹಕ್ಕಿನ ಬಗ್ಗೆ ಮಾತಾಡಲು ನಮಗೆ ಇಂಗ್ಲಿಷ್ ಇದೆ, ಸಮಯ ಇದೆ, ದುಡ್ಡಿದೆ. ನಮ್ಮ ಹಕ್ಕಿನ ಬೆಲೆಯನ್ನು ಅವರ ಮೈಯಿಂದ ತೆಗೆದುಕೊಳ್ಳುವ ತನಕ ತಳಿಯ ನಿಷೇಧವನ್ನು ವಿರೋಧಿಸುವ ನೈತಿಕ ಬಲ ನಮಗಿಲ್ಲ.

ಆದ್ದರಿಂದ ಮುಂದಿನ ಸಲ ಪಾಲಿಕೆ ಆಕ್ಷೇಪಣೆ ಕರೆದಾಗ 'ಬೇಡ' ಎಂದು ಒಂದು ಸಾಲು ಕಳಿಸಿ ಸುಮ್ಮನಾಗಬೇಡಿ. ಪಟ್ಟಿ ಕಿತ್ತುಹಾಕಿ, ಅದರ ಜಾಗದಲ್ಲಿ ನನ್ನ ಹೆಸರು ಬರೆಯಿರಿ ಎಂದು ಬರೆಯಿರಿ. ನನ್ನ ನಾಯಿ ಯಾರನ್ನಾದರೂ ಕಚ್ಚಿದರೆ ಆಸ್ಪತ್ರೆಯ ಬಿಲ್ಲು, ಪರಿಹಾರ, ಕೋರ್ಟು, ಜೈಲು ಎಲ್ಲವೂ ನನ್ನ ಹೆಸರಿಗೇ ಬರಲಿ ಎಂದು ಸಹಿ ಹಾಕಿ. ಹಾಗೆ ಸಹಿ ಹಾಕಲು ಕೈ ನಡುಗುವುದಾದರೆ 45 ಕೆಜಿ ನಾಯಿಯ ಲೀಷ್ ಹಿಡಿಯಲು ಆ ಕೈ ತಕ್ಕದ್ದಲ್ಲ.