ತೆಪ್ಪದಿಂದ ದೋಣಿಗೆ ಒಂದು ಹೆಜ್ಜೆ

ನದಿಯಲ್ಲಿ ಅಪಾಯವೆಂದರೆ ಸುಳಿ, ಸೆಳವು, ಬಂಡೆ ಎಂದೇ ನಾವು ಭಾವಿಸುತ್ತೇವೆ. ನೀರಿನ ನಡುವೆ ಕಟ್ಟಿ ನಿಲ್ಲಿಸಿದ ದೊಡ್ಡ ದೋಣಿಯನ್ನು ತೆಪ್ಪದಲ್ಲಿ ಸೇರಿ, ಇನ್ನೇನು ಅದಕ್ಕೆ ಹತ್ತಬೇಕು ಎನ್ನುವ ಗಳಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೆಚ್ಚಿನ ಎಚ್ಚರ ಬೇಕಾದುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ.

ಕೊಳ್ಳೇಗಾಲದ ಸೀಮೆಗೆ ಇದು ದೂರದ ಮಾತಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿಯ ನೆರೆ ದಾಸನಪುರ, ಮುಳ್ಳೂರು ಮೊದಲಾದ ತೀರಗ್ರಾಮಗಳಿಗೆ ನುಗ್ಗಿತು. ಇಂತಹ ಸಂದರ್ಭಗಳಲ್ಲಿ ರಕ್ಷಣಾದಳದವರು ತರುವುದು ಗಾಳಿ ತುಂಬಿದ ರಬ್ಬರ್ ದೋಣಿಯನ್ನು. ಹನೂರಿನ ಗಡಿಯಾಚೆ ಹೊಗೇನಕಲ್ಲಿನಲ್ಲಿ ನಡೆಯುವುದು ಬಿದಿರಿನ ಬುಟ್ಟಿಯಂತಹ ತೆಪ್ಪ. ಹಿಂದೆ ಅದಕ್ಕೆ ಚರ್ಮದ ಹೊದಿಕೆ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಟಾರು. ನೋಟಕ್ಕೆ ಬೇರೆಯಾದರೂ ಗುಣದಲ್ಲಿ ಇವೆರಡೂ ಸೋದರರು: ಹಗುರ, ಅಗಲವಾದ ತಳ.

ತಳದ ವ್ಯಾಸ 2 ಮೀಟರ್ ಎನ್ನೋಣ. ವಿಸ್ತೀರ್ಣ 3 ಚದರ ಮೀಟರಿಗೆ ತುಸು ಹೆಚ್ಚು. ಆರ್ಕಿಮಿಡೀಸನ ತತ್ತ್ವದಂತೆ 300 ಕಿಲೋಗ್ರಾಂ ಭಾರ ಹೇರಿದರೂ ಅದು ಇಳಿಯುವುದು ಸುಮಾರು 10 ಸೆಂಟಿಮೀಟರ್, ಅಂದರೆ ಅರ್ಧ ಗೇಣು! ಐವರು ಕುಳಿತ ಮೇಲೂ "ಇನ್ನೊಬ್ಬರು ಬನ್ನಿ" ಎನ್ನುವ ಧೈರ್ಯ ಬರುವುದು ಹೀಗೆ.

ಆದರೆ ಹತ್ತುವಾಗ ಆ ಹಗುರತನವೇ ಶತ್ರು. 60 ಕಿಲೋಗ್ರಾಂ ತೂಕದ ಹುಡುಗನೊಬ್ಬ 30 ಕಿಲೋಗ್ರಾಮಿನ ಬರಿದಾದ ತೆಪ್ಪದಿಂದ ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಮುಂದಕ್ಕೆ ಹೆಜ್ಜೆಯಿಟ್ಟನೆನ್ನಿ. ನೀರಿನ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ತೆಪ್ಪ 2 ಮೀಟರ್ ವೇಗದಲ್ಲಿ ಹಿಂದಕ್ಕೆ ಸರಿಯುತ್ತದೆ. 600 ಕಿಲೋಗ್ರಾಮಿನ ದೋಣಿಯಾಗಿದ್ದರೆ ಬರಿಯ 10 ಸೆಂಟಿಮೀಟರ್. ಒಂದು ಕಾಲು ಕಟ್ಟಿದ ದೋಣಿಯ ಮೇಲೆ, ಇನ್ನೊಂದು ಓಡುವ ತೆಪ್ಪದ ಮೇಲೆ; ನಡುವೆ ನೀರು. ಎದ್ದು ನಿಂತಿದ್ದರಂತೂ ಗುರುತ್ವಕೇಂದ್ರವೂ ಮೇಲೇರಿ, ಮಗುಚುವುದು ಸುಲಭವಾಗುತ್ತದೆ.

ಆದುದರಿಂದ ದೋಣಿಯನ್ನು ಪ್ರವಾಹದ ಕೆಳಗಡೆಯಿಂದ, ಹರಿವಿಗೆ ಎದುರಾಗಿ ಸಮೀಪಿಸಬೇಕು. ಮೇಲಿನಿಂದ ಬಂದರೆ ಸೆಳವು ತೆಪ್ಪವನ್ನು ದೋಣಿಗೆ ಒತ್ತಿ ಮಗುಚೀತು. ಮೊದಲು ಹಗ್ಗ ಕಟ್ಟುವುದು, ಆಮೇಲೆ ಹತ್ತುವುದು. ಕುಳಿತಂತೆಯೇ ಎರಡು ಕೈಗಳಿಂದ ದೋಣಿಯ ಅಂಚನ್ನು ಹಿಡಿದು, ಎದೆಯ ಭಾರವನ್ನು ಅದರ ಮೇಲೆ ಹಾಕಿ, ಒಬ್ಬೊಬ್ಬರಾಗಿ ಸರಿಯಬೇಕು. ಉಳಿದವರು ಎದುರು ಬದಿಗೆ ವಾಲಬೇಕು. ಜೀವರಕ್ಷಕ ಅಂಗಿ ತೊಡಲಿಕ್ಕೆ ಇರುವುದು, ಅದನ್ನು ಮಡಿಸಿ ಕುಳಿತುಕೊಳ್ಳುವವರೂ ಉಂಟು!

ರಬ್ಬರ್ ದೋಣಿಗೆ ಇನ್ನೊಂದು ಮಾತು. ಬಿಸಿಲಿನಲ್ಲಿ ಬಿಗಿಯಾಗಿದ್ದುದು ತಣ್ಣೀರಿಗಿಳಿದೊಡನೆ ಒಳಗಿನ ಗಾಳಿ ತಂಪಾಗಿ ಸಡಿಲಗೊಳ್ಳುತ್ತದೆ. ನೀರಿಗಿಳಿಸಿದ ಮೇಲೆ ಅದನ್ನು ಮತ್ತೊಮ್ಮೆ ಒತ್ತಿ ನೋಡಿ, ಬೇಕಾದರೆ ಗಾಳಿ ತುಂಬಬೇಕು.

ನ್ಯೂಟನ್ನನ ಮೂರನೆಯ ನಿಯಮಕ್ಕೆ ನಮ್ಮ ಶಾಲೆಗಳಲ್ಲಿ ಕೊಡುವ ಉದಾಹರಣೆ ರಾಕೆಟ್. ಕೊಳ್ಳೇಗಾಲ, ಹನೂರು, ಯಳಂದೂರುಗಳ ವಿದ್ಯಾರ್ಥಿಗಳಿಗೆ ತೆಪ್ಪವನ್ನೇ ಏಕೆ ತೋರಿಸಬಾರದು? ಅನುಭವಿ ಅಂಬಿಗರೊಬ್ಬರು, ತೊಟ್ಟುಕೊಳ್ಳಲು ಜೀವರಕ್ಷಕ ಅಂಗಿಗಳು, ಎರಡು ತೆಪ್ಪ, ಒಂದು ಹಗ್ಗ. ಊರ ಕೆರೆಯ ಅಂಚಿನಲ್ಲಿ ಸೊಂಟದ ಮಟ್ಟದ ನೀರು ಸಾಕು.