ಜಾಲತಾಣದ ಬಾಡಿಗೆಯೂ ಹಿಂದಿರುಗದ ಹಣವೂ

ಬೆಂಗಳೂರಿನಲ್ಲಿ ಬಾಡಿಗೆಯ ಮನೆಯಲ್ಲಿದ್ದು ಬಿಟ್ಟವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು. ಮನೆಗೆ ಬರುವ ದಿನ ಮುಂಗಡದ ಹಣವನ್ನು ಕೊಡುವುದು ಐದು ನಿಮಿಷದ ಕೆಲಸ. ಬಿಡುವ ದಿನ ಅದೇ ಹಣವನ್ನು ಹಿಂದಕ್ಕೆ ಪಡೆಯಲು ಎಷ್ಟು ಸಲ ಅಲೆಯಬೇಕೆಂಬುದಕ್ಕೆ ಲೆಕ್ಕವಿಲ್ಲ. ಸುಣ್ಣಬಣ್ಣಕ್ಕೆ ಇಷ್ಟು, ಮುರಿದ ನಲ್ಲಿಗೆ ಇಷ್ಟು ಎಂದು ಕಳೆಯುತ್ತ ಬಂದು, ಕೊನೆಗೆ ಉಳಿದುದನ್ನು ಮಾಲೀಕನು ಕೈಗಿಡುತ್ತಾನೆ. ಆದರೂ ಅವನ ಪಕ್ಷದಲ್ಲಿ ಒಂದು ಮಾತನ್ನು ಹೇಳಬಹುದು: ಗೋಡೆ ನಿಜವಾಗಿಯೂ ಮಾಸಿರುತ್ತದೆ. ಗೋಡೆಯಾಗಲಿ ನಲ್ಲಿಯಾಗಲಿ ಇಲ್ಲದ ಇನ್ನೊಂದು ಬಗೆಯ ಬಾಡಿಗೆಯಲ್ಲಿಯೂ ಇದೇ ಅಲೆದಾಟ ಏಕೆ ಇರಬೇಕೆಂಬುದನ್ನು ಇಲ್ಲಿ ವಿಚಾರಮಾಡಲು ಬಯಸುತ್ತೇವೆ.

ಜಾಲತಾಣವೊಂದು ಲೋಕಕ್ಕೆ ಕಾಣಬೇಕಾದರೆ ಅದರ ಪುಟಗಳೂ ಚಿತ್ರಗಳೂ ಹಗಲಿರುಳು ಎಚ್ಚರವಾಗಿರುವ ಒಂದು ಕಂಪ್ಯೂಟರಿನಲ್ಲಿ ಇರಬೇಕು. ಅದಕ್ಕೆ ಸರ್ವರ್ ಎಂದು ಹೆಸರು. ೧೯೯೦ರ ಕೊನೆಯಲ್ಲಿ ಜಿನೀವಾದ ಬಳಿಯ ಸರ್ನ್ ಸಂಶೋಧನಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಮೊದಲ ವೆಬ್ ಸರ್ವರನ್ನು ನಡೆಸಿದಾಗ, ಆ ಯಂತ್ರವನ್ನು ಯಾರೂ ಆರಿಸಕೂಡದೆಂದು ಅದರ ಮೇಲೆ ಕೈಬರಹದ ಚೀಟಿಯೊಂದನ್ನು ಅಂಟಿಸಿದ್ದರು. ಇಂದು ಆ ಚೀಟಿಯ ಕೆಲಸವನ್ನು ವೆಬ್ ಹೋಸ್ಟಿಂಗ್ ಕಂಪೆನಿಗಳು ವಹಿಸಿಕೊಂಡಿವೆ. ಎಂದೂ ಆರದ ಯಂತ್ರಗಳನ್ನು ಅವು ಇಟ್ಟುಕೊಂಡು, ತಿಂಗಳಿಗೋ ವರ್ಷಕ್ಕೋ ಇಷ್ಟೆಂದು ಅವುಗಳಲ್ಲಿ ಜಾಗವನ್ನು ಬಾಡಿಗೆಗೆ ಕೊಡುತ್ತವೆ.

ಕಳೆದ ವರ್ಷ ನಮಗೆ ಪರಿಚಿತವಾದ ಒಂದು ಕಾಲೇಜಿನ ವಿಜ್ಞಾನ ಸಂಘದವರು ಇಂಥ ಕಂಪೆನಿಯೊಂದರಲ್ಲಿ ಜಾಗವನ್ನು ಹಿಡಿದರು. ತಿಂಗಳಿಗೆ ೯೯ ರೂಪಾಯಿ ಎಂದು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದಿತು. ಆ ದರ ಬೇಕಾದರೆ ಮೂರು ವರ್ಷದ ಹಣವನ್ನು ಒಮ್ಮೆಗೇ ಕಟ್ಟಬೇಕೆಂಬುದೂ, ಮೂರು ವರ್ಷ ಕಳೆದ ಮೇಲೆ ಅದು ೩೪೯ ಆಗುವುದೆಂಬುದೂ ಸಣ್ಣ ಅಕ್ಷರಗಳಲ್ಲಿದ್ದುವು. ಮೂವತ್ತಾರು ತಿಂಗಳಿಗೆ ೩,೫೬೪ ರೂಪಾಯಿ, ಅದರ ಮೇಲೆ ಶೇಕಡ ೧೮ರಂತೆ ತೆರಿಗೆ, ಒಟ್ಟು ೪,೨೦೫ ರೂಪಾಯಿ ೫೨ ಪೈಸೆ. ನಲವತ್ತೆರಡು ಮಂದಿ ತಲಾ ನೂರು ರೂಪಾಯಿ ಹಾಕಿದರು. ಉಳಿದ ಐದು ರೂಪಾಯಿ ಐವತ್ತೆರಡು ಪೈಸೆಯನ್ನು ಖಜಾಂಚಿ ತನ್ನ ಜೇಬಿನಿಂದ ಕೊಟ್ಟನು. ತಾಣದ ಹೆಸರು, ಅಂದರೆ ಡೊಮೈನ್, ಉಚಿತವೆಂದು ಕಂಪೆನಿ ಸಾರಿದ್ದಿತು. ಮೂವತ್ತು ದಿನಗಳೊಳಗೆ ತೃಪ್ತಿಯಾಗದಿದ್ದರೆ ಹಣ ವಾಪಸು ಎಂಬ ಭರವಸೆಯೂ ಇದ್ದಿತು. ಹಣ ಕಟ್ಟಿದ ನಾಲ್ಕು ನಿಮಿಷಗಳಲ್ಲಿ ತಾಣ ಸಿದ್ಧವಾಯಿತು.

ಹದಿನೆಂಟನೆಯ ದಿನ ಕಾಲೇಜಿನಲ್ಲಿ ವಿಜ್ಞಾನ ಪ್ರದರ್ಶನ. ಊರಿನ ಕೆರೆಯ ಹಕ್ಕಿಗಳನ್ನು ಕುರಿತು ವಿದ್ಯಾರ್ಥಿಗಳು ತಯಾರಿಸಿದ್ದ ಪುಟಗಳನ್ನು ಬಂದವರೆಲ್ಲರೂ ತಮ್ಮ ತಮ್ಮ ಫೋನುಗಳಲ್ಲಿ ಒಟ್ಟಿಗೆ ತೆರೆಯಹೋದರು. ಹಕ್ಕಿಗಳ ಬದಲು, ಮಿತಿ ಮೀರಿದೆ ಎಂಬ ಅರ್ಥದ ಒಂದು ಸಾಲು ಕಾಣಿಸಿಕೊಂಡಿತು. ಅಪರಿಮಿತವೆಂದು ಮಾರಿದ್ದ ಜಾಗದಲ್ಲಿ ಏಕಕಾಲಕ್ಕೆ ಇಪ್ಪತ್ತಕ್ಕಿಂತ ಹೆಚ್ಚು ಕೋರಿಕೆಗಳನ್ನು ನಡೆಸಿಕೊಡಲಾಗದೆಂಬ ಕಟ್ಟಳೆ ಇದ್ದಿತು.

ಇಷ್ಟಕ್ಕೇ ಇದನ್ನು ಮೋಸವೆಂದು ನಾವು ಕರೆಯಲಾರೆವು. ಒಂದೇ ಯಂತ್ರದಲ್ಲಿ ನೂರಾರು ತಾಣಗಳನ್ನು ಇಡುವುದು ಯುಕ್ತವಾದ ಮಿತವ್ಯಯ. ಕೋರಿಕೆಯೊಂದಿಗೆ ತಾಣದ ಹೆಸರನ್ನೂ ಕಳುಹಿಸಬೇಕೆಂಬ ನಿಯಮ ೧೯೯೭ರ ಎಚ್‌ಟಿಟಿಪಿ ೧.೧ ಪದ್ಧತಿಯಲ್ಲಿ ಸೇರಿದುದರಿಂದ, ಒಂದೇ ವಿಳಾಸದ ವಠಾರದಲ್ಲಿ ಹೆಸರು ನೋಡಿ ಕಾಗದ ಹಂಚುವಂತೆ, ಒಂದು ಯಂತ್ರ ನೂರು ತಾಣಗಳಿಗೆ ಉತ್ತರ ಕೊಡುವುದು ಸುಲಭವಾಯಿತು. ಎಲ್ಲರೂ ಒಮ್ಮೆಗೇ ಬರುವುದಿಲ್ಲವೆಂಬ ಲೆಕ್ಕಾಚಾರ ಇದರ ಬೆನ್ನಿಗಿದೆ. ಅದೂ ಹೊಸದಲ್ಲ. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪೆನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞನು ಟೆಲಿಫೋನ್ ಕರೆಗಳ ದಟ್ಟಣೆಯನ್ನು ಕುರಿತು ೧೯೦೯ರಲ್ಲಿಯೇ ಪ್ರಬಂಧವನ್ನು ಪ್ರಕಟಿಸಿದನು. ಸಾವಿರ ಚಂದಾದಾರರಿಗೆ ಸಾವಿರ ತಂತಿಗಳು ಬೇಡವೆಂಬುದಕ್ಕೆ ಅಂದಿನಿಂದ ಗಣಿತದ ಆಧಾರ ಉಂಟು. ಆದರೆ ಹಂಚಿಕೆಯ ಪಾಲು ಯಾರಿಗೆ ಸಾಲದೋ ಅವರನ್ನು ಸುಮ್ಮನೆ ಹೋಗಗೊಡುವುದು ಈ ಲೆಕ್ಕಾಚಾರದ ಇನ್ನೊಂದು ಅರ್ಧ. ತೊಡಕು ಆರಂಭವಾಗುವುದು ಅಲ್ಲಿ.

ಇಪ್ಪತ್ತನೆಯ ದಿನ ಸಂಘದವರು ಜಾಗವನ್ನು ಬಿಡಲು ನಿಶ್ಚಯಿಸಿದರು. ಸೇರುವ ಗುಂಡಿ ಮೊದಲ ಪುಟದಲ್ಲಿಯೇ ಇದ್ದಿತಷ್ಟೆ. ಬಿಡುವ ಗುಂಡಿಯನ್ನು ಹುಡುಕಲು ಐದು ಪುಟಗಳನ್ನು ಒಂದರೊಳಗೊಂದರಂತೆ ತೆರೆಯಬೇಕಾಯಿತು. ಅದನ್ನು ಒತ್ತಿದೊಡನೆ ಕಾರಣವೇನೆಂಬ ಪ್ರಶ್ನೆ. ಆಮೇಲೆ ದರದಲ್ಲಿ ರಿಯಾಯಿತಿಯ ಆಮಿಷ. ಆಮೇಲೆ ಎಲ್ಲವನ್ನೂ ಕಳೆದುಕೊಳ್ಳುವಿರೆಂದು ಕೆಂಪು ಬಣ್ಣದ ಎಚ್ಚರಿಕೆ. ಎಲ್ಲವನ್ನೂ ದಾಟಿದ ಮೇಲೆ ರದ್ದಾಯಿತೆಂಬ ಮಾತು ಬಂದಿತು. ಒಂಬತ್ತು ದಿನ ಕಾದರೂ ಹಣದ ಸುಳಿವಿಲ್ಲ. ಇಪ್ಪತ್ತೊಂಬತ್ತನೆಯ ದಿನ ಸಂಜೆ ಅವರು ಫೋನನ್ನು ಹಿಡಿದುಕೊಂಡು ನಮ್ಮ ಬಳಿಗೆ ಬಂದರು. ಓದಿನೋಡಿದಾಗ ತಿಳಿದುದೇನೆಂದರೆ, ಅವರು ರದ್ದುಮಾಡಿದ್ದುದು ಮೂರು ವರ್ಷದ ನಂತರ ತಾನಾಗಿ ಆಗಬೇಕಾಗಿದ್ದ ನವೀಕರಣವನ್ನು ಮಾತ್ರ! ಹಣ ಬೇಕಾದವರು ಕಂಪೆನಿಯ ನೌಕರರೊಡನೆ ಬರವಣಿಗೆಯ ಸಂಭಾಷಣೆ ನಡೆಸಿ ಬೇರೆಯಾಗಿ ಕೇಳಬೇಕೆಂದು ಇನ್ನೊಂದು ಪುಟದಲ್ಲಿದ್ದಿತು. ಉಳಿದಿದ್ದುದು ಒಂದೇ ದಿನ.

ಏಳು ಗಂಟೆಗೆ ಕುಳಿತೆವು. ಎದ್ದುದು ಎಂಟು ಗಂಟೆ ನಲವತ್ತು ನಿಮಿಷಕ್ಕೆ. ಒಬ್ಬರಾದ ಮೇಲೊಬ್ಬರಂತೆ ಮೂವರು ನೌಕರರು ಅವೇ ಪ್ರಶ್ನೆಗಳನ್ನು ಕೇಳಿ, ಮೂರು ತಿಂಗಳು ಬಿಟ್ಟಿ, ಅರ್ಧ ಬೆಲೆಗೆ ದೊಡ್ಡ ಜಾಗ ಎಂದು ಒಂದೊಂದನ್ನು ಮುಂದೊಡ್ಡಿದರು. (ಆ ನೌಕರರ ಮೇಲೆ ನಮಗೆ ಸಿಟ್ಟಿಲ್ಲ. ಅವರು ತಮಗೆ ಕೊಟ್ಟ ಪಾಠವನ್ನು ಒಪ್ಪಿಸುತ್ತಿದ್ದರು, ವಿನಯದಿಂದಲೇ ಒಪ್ಪಿಸಿದರು.) ಹದಿನಾರು ದಿನಗಳ ಮೇಲೆ ೨,೯೦೮ ರೂಪಾಯಿ ೭೦ ಪೈಸೆ ಬಂದಿತು. ಉಚಿತವಾಗಿದ್ದ ಹೆಸರಿಗೆ, ತೆರಿಗೆಯೂ ಸೇರಿ, ೧,೨೯೬ ರೂಪಾಯಿ ೮೨ ಪೈಸೆಯನ್ನು ಮುರಿದುಕೊಂಡಿದ್ದರು. ನಲವತ್ತೆರಡು ಮಂದಿಗೆ ತಲಾ ೬೯ ರೂಪಾಯಿ ೨೫ ಪೈಸೆ.

ನಾವು ಕುಳಿತಿದ್ದ ಆ ನೂರು ನಿಮಿಷಗಳಲ್ಲಿ ಯಂತ್ರ ಮಾಡಬೇಕಾಗಿದ್ದ ಕೆಲಸವಾದರೂ ಎಷ್ಟು? ಹೊಸ ಗಿರಾಕಿ ಹಣ ಕಟ್ಟಿದಾಗ ಒಂದು ಪ್ರೋಗ್ರಾಮು ಸರ್ವರಿನಲ್ಲಿ ಅವನ ಹೆಸರಿಗೆ ಒಂದು ಕಡತಕೋಶವನ್ನು ತೆರೆಯುತ್ತದೆ; ಸರ್ವರಿನ ಪಟ್ಟಿಯಲ್ಲಿ ಅವನ ತಾಣದ ಹೆಸರನ್ನು ಸೇರಿಸುತ್ತದೆ; ಮಾಹಿತಿಯನ್ನಿಡಲು ಡೇಟಾಬೇಸೊಂದನ್ನು ಕಟ್ಟುತ್ತದೆ; ಹೆಸರಿಗೂ ಯಂತ್ರದ ಸಂಖ್ಯಾವಿಳಾಸಕ್ಕೂ ಗಂಟು ಹಾಕುತ್ತದೆ. ಬಿಡುವಾಗ ಆಗಬೇಕಾದುದು ಇದೇ ಕೆಲಸ, ಹಿಂದುಮುಂದಾಗಿ. ಮನುಷ್ಯನ ಕೈ ತಾಗಬೇಕಾಗಿಲ್ಲ. ಕೆಲವು ಕ್ಷಣಗಳು ಸಾಕು. ಖಾಲಿಯಾದ ಜಾಗ ಒಡನೆಯೇ ಇನ್ನೊಬ್ಬನಿಗೆ ಒದಗುತ್ತದೆ. ಸುಣ್ಣಬಣ್ಣದ ಮಾತೇ ಇಲ್ಲ. ಆದುದರಿಂದ ವಿಳಂಬಕ್ಕೆ ಕಾರಣ ಯಂತ್ರದಲ್ಲಿಲ್ಲ. ಅದನ್ನು ಬೇಕೆಂದೇ ಕಟ್ಟಿ ನಿಲ್ಲಿಸಿದೆ ಎಂಬುದು ನಮ್ಮ ಅಭಿಪ್ರಾಯ.

ಹೆಸರಿನ ವಿಷಯದಲ್ಲಿ ಮಾತ್ರ ಕಂಪೆನಿಯ ಕಡೆಗೂ ನ್ಯಾಯವುಂಟು. ಪ್ರತಿಯೊಂದು ಹೆಸರಿಗೂ ಅದು ಕೇಂದ್ರ ದಾಖಲೆಯವರಿಗೆ ವರ್ಷವರ್ಷವೂ ಶುಲ್ಕ ತೆರಬೇಕು. ಹಿಂದೆ, ನೋಂದಾಯಿಸಿದ ಐದು ದಿನಗಳೊಳಗೆ ಹೆಸರನ್ನು ಬಿಟ್ಟುಕೊಟ್ಟರೆ ಆ ಶುಲ್ಕ ಪೂರ್ತಿಯಾಗಿ ಹಿಂದಿರುಗುತ್ತಿದ್ದಿತು. ಕೆಲವರು ಇದನ್ನೇ ಕಸುಬು ಮಾಡಿಕೊಂಡು, ಲಕ್ಷಗಟ್ಟಲೆ ಹೆಸರುಗಳನ್ನು ಹಿಡಿದು, ಐದು ದಿನ ಜಾಹೀರಾತುಗಳಿಂದ ಹಣ ಬರುವುದೇ ಎಂದು ರುಚಿ ನೋಡಿ, ಬಾರದುವನ್ನು ಬಿಸಾಡತೊಡಗಿದರು. ಹೆಸರುಗಳ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ೨೦೦೮-೦೯ರಲ್ಲಿ ಇದಕ್ಕೆ ಮಿತಿ ಹಾಕಿದ ಮೇಲೆ ಇಂಥ ಬಿಡುಗಡೆಗಳು ಶೇಕಡ ೯೯ಕ್ಕಿಂತ ಹೆಚ್ಚಾಗಿ ಇಳಿದುವು. ಗಿರಾಕಿಯೂ ಮೋಸ ಮಾಡಬಲ್ಲನೆಂಬುದಕ್ಕೆ ಇದು ಸಾಕ್ಷಿ. ಹೆಸರಿನ ಹಣವನ್ನು ಹಿಂದಕ್ಕೆ ಕೊಡೆವೆಂದರೆ ಅದನ್ನು ನಾವು ಒಪ್ಪುತ್ತೇವೆ. ಒಪ್ಪಲಾಗದುದು, ಬರುವಾಗ ಉಚಿತವಾಗಿದ್ದ ವಸ್ತು ಹೋಗುವಾಗ ಬೆಲೆ ಪಡೆಯುವ ಚಮತ್ಕಾರ.

ಇನ್ನು ತಡೆಯನ್ನು ಕಟ್ಟುವುದರಿಂದ ಬರುವ ಲಾಭವನ್ನು ನೋಡೋಣ. ಇದನ್ನು ಅಳೆದವರುಂಟು. ಡೆಲ್ಲಾವಿನ್ಯಾ, ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರಿಬ್ಬರು ಅಮೆರಿಕದ ಮೂರು ವ್ಯಾಯಾಮಶಾಲೆಗಳ ಸದಸ್ಯರ ಲೆಕ್ಕವನ್ನು ಪರಿಶೀಲಿಸಿ ೨೦೦೬ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ತಿಂಗಳಿಗೆ ೭೦ ಡಾಲರಿಗಿಂತ ಹೆಚ್ಚು ತೆರುತ್ತಿದ್ದ ಸದಸ್ಯರು ವ್ಯಾಯಾಮಕ್ಕೆ ಬರುತ್ತಿದ್ದುದು ಸರಾಸರಿ ೪.೩ ಸಲ, ಅಂದರೆ ಸಲಕ್ಕೆ ೧೭ ಡಾಲರಿಗೂ ಮೇಲಾಯಿತು. ಸಲಕ್ಕೆ ೧೦ ಡಾಲರಿನ ಚೀಟಿ ಅಲ್ಲಿಯೇ ಸಿಕ್ಕುತ್ತಿದ್ದಿತು! ಕೊನೆಯ ಸಲ ಬಂದು ಹೋದ ಮೇಲೆ ಸದಸ್ಯತ್ವವನ್ನು ಬಿಡಲು ಅವರಿಗೆ ಸರಾಸರಿ ೨.೩ ತಿಂಗಳು ಹಿಡಿಯಿತು. ನಾಳೆ ಮಾಡೋಣವೆಂಬ ಮಾತಿಗೆ ತೆತ್ತ ದಂಡ ಅದು.

ಇದಕ್ಕಿಂತಲೂ ಸೊಗಸಾದ ಪರೀಕ್ಷೆಯನ್ನು ಐನಾವ್, ಕ್ಲೋಪ್ಯಾಕ್, ಮಹೋನಿ ಎಂಬ ಮೂವರು ೨೦೨೩ರಲ್ಲಿ ಮುಂದಿಟ್ಟರು. ಬ್ಯಾಂಕಿನ ಕಾರ್ಡಿನ ಅವಧಿ ಮುಗಿದು ಹೊಸದು ಬಂದಾಗ ಹಳೆಯ ಕಾರ್ಡಿನ ಮೇಲೆ ತಾನಾಗಿ ನಡೆಯುತ್ತಿದ್ದ ಚಂದಾ ನಿಲ್ಲುವ ಸಂಭವವುಂಟು; ಆಗ ಗಿರಾಕಿ, ಇದು ನನಗೆ ಬೇಕೆ, ಎಂದು ಒಮ್ಮೆ ಯೋಚಿಸಲೇಬೇಕು. ಅದೇ ತಿಂಗಳಲ್ಲಿ ಚಂದಾ ಬಿಡುವವರ ಸಂಖ್ಯೆ ಥಟ್ಟನೆ ಏರುವುದನ್ನು ಅವರು ಕಂಡರು. ಗಿರಾಕಿಗಳ ಮರೆವಿನಿಂದ ಮಾರಾಟಗಾರರ ವರಮಾನ, ಸೇವೆಯಿಂದ ಸೇವೆಗೆ, ಶೇಕಡ ೧೪ರಿಂದ ೨೦೦ಕ್ಕೂ ಮೇಲಿನವರೆಗೆ ಹೆಚ್ಚುವುದೆಂದು ಅವರ ಅಂದಾಜು. ಮರೆವೇ ಇಷ್ಟು ತರುವಲ್ಲಿ, ಅದರ ಮೇಲೆ ಐದು ಪುಟಗಳ ಚಕ್ರವ್ಯೂಹವನ್ನೂ ರಚಿಸಿದರೆ ಬರುವುದೆಷ್ಟಿರಬಹುದು!

ಇಂಥ ರಚನೆಗಳಿಗೆ ೨೦೧೦ರಲ್ಲಿ ಇಂಗ್ಲೆಂಡಿನ ಹ್ಯಾರಿ ಬ್ರಿಗ್ನಲ್ ಎಂಬವರು ಡಾರ್ಕ್ ಪ್ಯಾಟರ್ನ್ ಎಂದು ಹೆಸರಿಟ್ಟರು; ಕಪಟ ವಿನ್ಯಾಸವೆಂದು ನಾವು ಹೇಳಬಹುದು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರೂ ಅವರ ಜೊತೆಗಾರರೂ ೨೦೧೯ರಲ್ಲಿ ಸುಮಾರು ೧೧,೦೦೦ ಅಂಗಡಿತಾಣಗಳನ್ನು ಯಂತ್ರದಿಂದಲೇ ಶೋಧಿಸಿ ೧,೮೧೮ ಕಪಟ ವಿನ್ಯಾಸಗಳನ್ನು ಎಣಿಸಿದರು. ಎಣಿಸಬಹುದಾದುದನ್ನು ತಡೆಯಲೂಬಹುದು. ಜರ್ಮನಿಯಲ್ಲಿ ೨೦೨೨ರ ಜುಲೈ ೧ರಿಂದ, ತಾಣದ ಮೂಲಕ ಇಂಥ ಚಂದಾಗಳನ್ನು ಮಾರುವವರು ಅದೇ ತಾಣದಲ್ಲಿ ಬಿಡುವ ಗುಂಡಿಯನ್ನೂ ಕಾಣುವಂತೆ ಇಡಬೇಕೆಂಬ ಕಾನೂನು ಬಂದಿತು. ಅಮೆರಿಕದ ವಾಣಿಜ್ಯ ಆಯೋಗ ೨೦೨೪ರಲ್ಲಿ ಇಂಥದೇ ನಿಯಮವನ್ನು ಮಾಡಿತು; ಮಾಡಿದ ಕ್ರಮ ಸರಿಯಿಲ್ಲವೆಂದು ೨೦೨೫ರ ಜುಲೈಯಲ್ಲಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನಮ್ಮ ದೇಶದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ೨೦೨೩ರ ನವೆಂಬರ್ ೩೦ರಂದು ಹದಿಮೂರು ಬಗೆಯ ಕಪಟ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಚಂದಾದ ಬಲೆ ಅವುಗಳಲ್ಲೊಂದು. ರದ್ದುಮಾಡುವ ದಾರಿಯನ್ನು ಅಡಗಿಸುವುದೂ ತೊಡಕಾಗಿಸುವುದೂ ಅದರಲ್ಲಿ ಸೇರಿವೆ. ಸಂಘದವರ ಐದು ಪುಟಗಳಿಗೆ ಇದಕ್ಕಿಂತ ತಕ್ಕ ವರ್ಣನೆ ಬೇಕಿಲ್ಲ.

ಕಂಪೆನಿಗಳು ಒಂದು ಸಮಾಧಾನವನ್ನು ಹೇಳುವುದುಂಟು. ತಾಣವನ್ನು ಅಳಿಸುವುದು ಹಾಸ್ಯದ ಮಾತಲ್ಲ. ಕೈತಪ್ಪಿನಿಂದಲೋ ಕಳ್ಳನಿಂದಲೋ ಅದು ಆಗಬಾರದು. ಆದುದರಿಂದ ಅಡಿಗಡಿಗೂ ಕೇಳುತ್ತೇವೆ ಎಂದು. ಮಾತು ನಿಜವೇ, ಆದರೆ ಅದಕ್ಕೆ ಪರಿಹಾರ ಬೇರೆ. ಡಾಟ್ ಕಾಮ್ ಹೆಸರೊಂದು ಅವಧಿ ಮುಗಿದು ಅಳಿಸಲ್ಪಟ್ಟ ಮೇಲೆಯೂ ಮೂವತ್ತು ದಿನಗಳವರೆಗೆ ಹಿಂದಿನ ಒಡೆಯನು ಶುಲ್ಕ ತೆತ್ತು ಅದನ್ನು ಮರಳಿ ಪಡೆಯಬಹುದಾದ ಏರ್ಪಾಡು ಇದೆ. ಹಾಗೆಯೇ, ಬಿಡುವೆನೆಂದವನ ಹಣವನ್ನು ಅಂದೇ ಹಿಂದಿರುಗಿಸಿ, ಅವನ ಕಡತಗಳನ್ನು ಒಂದು ತಿಂಗಳು ಕಾಪಾಡಿ ಇಡಲಿ. ಒಮ್ಮೆ ಖಚಿತಪಡಿಸಿಕೊಳ್ಳುವುದು ಎಚ್ಚರಿಕೆ. ಐದು ಸಲ ಕೇಳುವುದು ಸುಸ್ತುಮಾಡಿಸುವ ಉಪಾಯ. ಭರವಸೆಯ ಮೂವತ್ತು ದಿನಗಳನ್ನು ಗಿರಾಕಿ ಮೊದಲ ಸಲ ರದ್ದತಿಯನ್ನು ಒತ್ತಿದ ಕ್ಷಣಕ್ಕೇ ನಿಲ್ಲಿಸಬೇಕೆಂದೂ, ಹಣ ಬೇಕೆ ಎಂಬ ಪ್ರಶ್ನೆಯನ್ನು ಅದೇ ಪುಟದಲ್ಲಿ ಕೇಳಬೇಕೆಂದೂ ನಾವು ಹೇಳುತ್ತೇವೆ. ಇದನ್ನು ಬರೆಯುವುದು ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿಗೂ ಒಂದು ಮಧ್ಯಾಹ್ನದ ಕೆಲಸ.

ಅಲ್ಲಿಯವರೆಗೆ ವಾಚಕರು ತಮ್ಮ ಎಚ್ಚರದಲ್ಲಿ ತಾವಿರುವುದು ಒಳ್ಳೆಯದು. ಕಾರ್ಡಿನ ಮೇಲೆ ತಾನಾಗಿ ಆಗುವ ವಸೂಲಿಗೆ ಇಪ್ಪತ್ತನಾಲ್ಕು ಗಂಟೆ ಮುಂಚೆಯಾದರೂ ಸೂಚನೆ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ಕಟ್ಟಳೆ ೨೦೨೧ರ ಅಕ್ಟೋಬರಿನಿಂದ ಪೂರ್ತಿಯಾಗಿ ಜಾರಿಗೆ ಬಂದಿತು. ಆ ಸೂಚನೆಯನ್ನು ಓದದೆ ಅಳಿಸಬಾರದು. ಯುಪಿಐ ಮೂಲಕ ಒಪ್ಪಿಗೆ ಕೊಟ್ಟಿದ್ದರೆ ಅದನ್ನು ಫೋನಿನಲ್ಲಿ ತಾವೇ ಹಿಂತೆಗೆದುಕೊಳ್ಳಬಹುದು, ಮಾರಾಟಗಾರನ ದಾಕ್ಷಿಣ್ಯ ಬೇಕಿಲ್ಲ. ನೌಕರರೊಡನೆ ನಡೆದ ಸಂಭಾಷಣೆಯ ಪ್ರತಿಯನ್ನು ಇಟ್ಟುಕೊಂಡಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಅದರ ಸಂಖ್ಯೆ ೧೯೧೫, ದೂರು ಕೊಡುವಾಗ ಉಪಯೋಗಕ್ಕೆ ಬರುತ್ತದೆ. ಹೆಸರನ್ನು ಒಂದು ಕಂಪೆನಿಯಲ್ಲಿಯೂ ಜಾಗವನ್ನು ಇನ್ನೊಂದರಲ್ಲಿಯೂ ಹಿಡಿದವರಿಗೆ ಮನೆ ಬದಲಾಯಿಸುವ ಕಷ್ಟ ಅರ್ಧವಾಗುತ್ತದೆ.

ಸಂಘದವರು ಹಾಗೆಯೇ ಮಾಡಿದರು. ನೋಂದಾಯಿಸಿ ಅರವತ್ತು ದಿನಗಳಾಗುವವರೆಗೆ ಹೆಸರನ್ನು ಬೇರೆಡೆಗೆ ವರ್ಗಾಯಿಸಲು ನಿಯಮದಂತೆ ಅವಕಾಶವಿರಲಿಲ್ಲ. ಅರವತ್ತೊಂದನೆಯ ದಿನ ವರ್ಗಾವಣೆಯ ಗುಪ್ತಸಂಕೇತವನ್ನು ಕೇಳಿದರು. ಕೇಳಿದ ಐದು ದಿನಗಳೊಳಗೆ ಅದನ್ನು ಕೊಡಬೇಕೆಂಬುದು ಐಕ್ಯಾನಿನ ನಿಯಮ. ಐದನೆಯ ದಿನ ಸಂಜೆ ಅದು ಬಂದಿತು. ಹಕ್ಕಿಗಳ ಪುಟಗಳು ಈಗ ತಿಂಗಳು ತಿಂಗಳು ಬಾಡಿಗೆ ಕಟ್ಟುವ ಬೇರೊಂದು ಜಾಗದಲ್ಲಿವೆ. ಹೆಸರಿನ ನವೀಕರಣದ ದಿನಾಂಕವನ್ನು ಖಜಾಂಚಿ ಸಂಘದ ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದಾನೆ.