ಕಲ್ಲಿನಲ್ಲಿ ಬರೆದ ಮಾತಿಗೆ ನಾವು ಬದ್ಧರೇ?

ಚುನಾವಣೆ ಸಮೀಪಿಸಿದೊಡನೆ ಎಲ್ಲ ಊರುಗಳಂತೆ ನಮ್ಮ ಹೊಸಕೋಟೆಯಲ್ಲಿಯೂ ಇತಿಹಾಸದ ಮಾತು ಕೇಳಿಬರುತ್ತದೆ. ಯಾರು ಯಾರ ಗುಡಿಯನ್ನು ಕೆಡವಿದರು, ಯಾರು ಯಾರ ಮೇಲೆ ಸೇಡು ತೀರಿಸಿಕೊಳ್ಳಬೇಕು ಎಂಬ ಪಟ್ಟಿಯನ್ನೇ ಇತಿಹಾಸವೆಂದು ಹೇಳಲಾಗುತ್ತದೆ. ಇದಕ್ಕೆ ಬೇಸತ್ತ ನಮ್ಮ ಸಮಾಜದ ಹಿರಿಯರು ಕೆಲವರು, ‘ನಾವು ವ್ಯಾಪಾರಸ್ಥರು, ಎಣಿಕೆಯಲ್ಲಿ ಅಲ್ಪರು, ಹಳೆಯ ಕಥೆಯೂ ಬೇಡ, ರಾಜಕೀಯವೂ ಬೇಡ’ ಎನ್ನುತ್ತಾರೆ. ಈ ಎರಡು ನಿಲುವುಗಳೂ ತಪ್ಪೆಂಬುದಕ್ಕೆ ನಮ್ಮದೇ ಒಂದು ಶಿಲಾಶಾಸನ ಸಾಕ್ಷಿಯಾಗಿದೆ.

ಅದು ಶಕವರ್ಷ 1290ರ, ಎಂದರೆ ಕ್ರಿ.ಶ. 1368ರ, ಶ್ರವಣಬೆಳಗೊಳದ ಶಾಸನ. ಅದರ ಪ್ರತಿ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿಯೂ ಇದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಆನೆಗೊಂದಿ, ಪೆನುಗೊಂಡೆ, ಕಲ್ಯ ಮೊದಲಾದ ನಾಡುಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರಿತ್ತರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರ ಪಂಚಮಹಾವಾದ್ಯ ಮತ್ತು ಕಳಶದ ಹಕ್ಕನ್ನು ಎತ್ತಿಹಿಡಿದನು. ಜೈನದರ್ಶನಕ್ಕೆ ಆದ ಹಾನಿಯನ್ನು ವೈಷ್ಣವರು ತಮಗೇ ಆದ ಹಾನಿಯೆಂದು ಭಾವಿಸತಕ್ಕದ್ದೆಂದು ವಿಧಿಸಿದನು. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಸಂಗ್ರಹಿಸಿ, ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಮಂದಿಯನ್ನು ನೇಮಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ವಹಿಸಲಾಯಿತು.

ಇಲ್ಲಿ ಅನ್ಯಾಯವನ್ನು ಮುಚ್ಚಿಟ್ಟಿಲ್ಲ; ಶಾಸನ ಆರಂಭವಾಗುವುದೇ ದೂರಿನಿಂದ. ಆದರೆ ಅದು ಏಟಿಗೆ ಪ್ರತಿ ಏಟನ್ನು ಕೇಳುವುದಿಲ್ಲ. ಬಲವುಳ್ಳವರನ್ನು ಬಲಹೀನರ ಕಾವಲಿಗೆ ನಿಲ್ಲಿಸುತ್ತದೆ. ಇತಿಹಾಸವನ್ನು ಗಾಯಗಳ ಲೆಕ್ಕವಾಗಿ ಓದುವವರು ಈ ಶಾಸನದ ಮೊದಲ ಭಾಗವನ್ನಷ್ಟೇ ಓದುತ್ತಾರೆ.

ರಾಜಕೀಯ ನಮಗೇಕೆ ಎನ್ನುವ ವ್ಯಾಪಾರಸ್ಥರೂ ಇದನ್ನು ಪೂರ್ತಿಯಾಗಿ ಓದಬೇಕು. ಅರಸನಲ್ಲಿ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಈ ಕಾರ್ಯ ನಡೆಸಿದವನು ಕಲ್ಯದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪದವಿಯನ್ನಿತ್ತರು. ಅವನೂ ಸೆಟ್ಟಿಯೇ. ‘ನಮಗೇಕೆ’ ಎಂದು ಅವನು ಮನೆಯಲ್ಲಿ ಕುಳಿತಿದ್ದರೆ ಈ ಶಾಸನ ಹುಟ್ಟುತ್ತಿತ್ತೇ?

ಇನ್ನು ನಮ್ಮ ಕಾಲಕ್ಕೆ ಬರೋಣ. 2022ರಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಯಲ್ಲಿ ಮುಸಲ್ಮಾನ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಕೊಡಬಾರದೆಂಬ ಕೂಗೆದ್ದಿತು. ಬಳೆ, ಹಣ್ಣು, ಆಟಿಕೆ ಮಾರಿ ಬದುಕುವವರ ಅನ್ನಕ್ಕೆ ಕುತ್ತು ಬಂದಿತು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಮ್ಮಲ್ಲಿ ಎಷ್ಟು ಟ್ರಸ್ಟುಗಳು ಅದು ತಪ್ಪೆಂದು ಹೇಳಿದವು? ಅಲ್ಪಸಂಖ್ಯಾತ ಸಮುದಾಯವೆಂಬ ರಾಷ್ಟ್ರಮಟ್ಟದ ಮಾನ್ಯತೆ 2014ರ ಜನವರಿಯಲ್ಲಿ ನಮಗೆ ದೊರೆತಾಗ ಸಂತೋಷದಿಂದ ಸ್ವೀಕರಿಸಿದೆವು. ಆ ಮಾನ್ಯತೆಯಿಂದ ಬರುವ ಸವಲತ್ತು ಬೇಕು, ಇನ್ನೊಬ್ಬ ಅಲ್ಪಸಂಖ್ಯಾತನ ಅಂಗಡಿ ಮುಚ್ಚಿಸುವಾಗ ಮೌನ ಬೇಕು ಎಂದರೆ ಅದು ಧರ್ಮವಲ್ಲ, ಬರಿಯ ಲಾಭನಷ್ಟದ ಎಣಿಕೆ. ಈ ಮೌನಕ್ಕೆ ಅನೇಕಾಂತದ ಹೆಸರಿಡುವುದಂತೂ ಸಲ್ಲದು. ಹಲವು ನೋಟಗಳಿಗೆ ಎಡೆಗೊಡುವ ತತ್ತ್ವವು ಅನ್ಯಾಯವನ್ನು ನೋಡಿಯೂ ನೋಡದಂತಿರಲು ಹೇಳುವುದಿಲ್ಲ.

ಅಂದು ವೈಷ್ಣವರಿಗೆ ವಿಧಿಸಿದ ಕರ್ತವ್ಯ ಇಂದು ನಮಗೂ ಅನ್ವಯಿಸುತ್ತದೆ. ಒಮ್ಮೆ ರಕ್ಷಣೆ ಪಡೆದವರು ಇನ್ನೊಬ್ಬರ ರಕ್ಷಣೆಗೆ ಋಣಿಗಳು. ಈ ಋಣವನ್ನು ನೆನಪಿಸುವುದಕ್ಕಾಗಿಯೇ ಇತಿಹಾಸ ಬೇಕು.

ಟ್ರಸ್ಟುಗಳ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹ ಇಷ್ಟು. ಜೀರ್ಣೋದ್ಧಾರದ ಹೆಸರಿನಲ್ಲಿ ಅಕ್ಷರವಿರುವ ಕಲ್ಲಿಗೆ ಬಣ್ಣ ಬಳಿಯಬೇಡಿರಿ, ಅದನ್ನು ಹೊರಗೆಸೆಯಬೇಡಿರಿ. ನಮ್ಮ ಜಿಲ್ಲೆಯ ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿ ಗಂಗರ ಸೇನಾಪತಿ ಶ್ರೀವಿಜಯ ಕಟ್ಟಿಸಿದ ಜಿನಾಲಯದ ವಿಷಯ ತಿಳಿಯುವುದು 797ರ ತಾಮ್ರಪಟದಿಂದ. ಬರಹ ಅಳಿದರೆ ವೇದಿಕೆಯ ಮೇಲಿನವನು ಹೇಳಿದ್ದೇ ಚರಿತ್ರೆಯಾಗುತ್ತದೆ. 1368ರ ಶಾಸನದ ತಾತ್ಪರ್ಯವನ್ನು ಪ್ರತಿ ಬಸದಿಯಲ್ಲಿ ಎಲ್ಲರಿಗೂ ಕಾಣುವಂತೆ ಬರೆಸಿರಿ. ದ್ವೇಷದ ಭಾಷಣಕ್ಕೆ ಬಸದಿಯ ಸಭಾಂಗಣವನ್ನು, ಯಾವ ಪಕ್ಷದವರು ಕೇಳಿದರೂ, ಕೊಡಬೇಡಿರಿ. ನಮ್ಮ ಉತ್ಸವದಲ್ಲಿ ಅಂಗಡಿ ಹಾಕಲು ಬಂದವನ ಮತವನ್ನು ಕೇಳಬೇಡಿರಿ. ತೂಕ ಸರಿಯಾಗಿದೆಯೇ ಎಂದಷ್ಟೇ ನೋಡಿರಿ.